ಉಣುಗನ್ನು ಊಟಕ್ಕೆ ಕರೆದವರು ಯಾರು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟದ ಮೇಲೆ ಕೈ ಊರಿದರೆ ಐದು ಬೆರಳಿನ ಅಚ್ಚು ಉಳಿಯುತ್ತಿತ್ತು. ಹಳ್ಳಗಳಿಗೆ ತಾವು ಯಾವ ಕಡೆ ಹೋಗಬೇಕೆಂದು ಪೂರ್ತಿ ಗೊತ್ತಿರಲಿಲ್ಲ. ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಆಗ ಎಲ್ಲರದೂ ಒಂದೇ ಭಾಷೆ. ಗಾಳಿ, ಹುಲ್ಲು, ಮುಸುವ, ಮನುಷ್ಯ, ಎಲ್ಲರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿದ್ದರು. ಮಾತುಗಳೂ ಹೊಸವು. ಆಡಿದ ಮಾತು ಹಸಿ ಮಣ್ಣಿನ ಹೆಜ್ಜೆಯ ಹಾಗೆ ಅಲ್ಲೇ ಉಳಿದುಬಿಡುತ್ತಿತ್ತು.

ಒಂದು ದಿನ ಬೆಟ್ಟ ಎಲ್ಲರನ್ನೂ ಕರೆದು ಊಟ ಹಂಚಿತು. ಕಡವೆಗೆ ಹುಲ್ಲು. ಕರಿಮುಖದ ಕೋತಿ ಮುಸುವನಿಗೆ ಚಿಗುರು. ಜೇನಿಗೆ ಹೂವು. ಮೀನಿಗೆ ಪಾಚಿ. ಮನುಷ್ಯನಿಗೆ ಗೆಡ್ಡೆ, ಗೆಣಸು, ಸಾಮೆ. ಹುಲಿಗೆ ಏನು ಕೊಡುವುದೆಂದು ಬಹಳ ಹೊತ್ತು ಯೋಚಿಸಿತು. ಕೊಟ್ಟ ಮೇಲೆ ಕಡವೆಯ ಮುಖ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಬೆಟ್ಟದ ಬುಟ್ಟಿ ಬರಿದಾಯಿತು. ಆಗ ಒಂದು ಜೀವಿ ಬಂದು ನಿಂತಿತು. ಎಳ್ಳಿನ ಕಾಳಿಗಿಂತ ಚಿಕ್ಕದು. ಆರು ಕಾಲು. ಕಣ್ಣಿಲ್ಲ. ಹೆಸರೂ ಇರಲಿಲ್ಲ.

"ನನಗೆ?" ಎಂದಿತು.

"ಬುಟ್ಟಿ ಬರಿದಾಯಿತಲ್ಲ ಕೂಸೆ," ಎಂದಿತು ಬೆಟ್ಟ. "ಇಷ್ಟು ತಡ ಮಾಡಿದೆ."

"ನಾನು ಬೆಳಿಗ್ಗೆಯೇ ಹೊರಟೆ."

ಬೆಟ್ಟ ಕೆಳಗೆ ನೋಡಿತು. ಬೆಟ್ಟದ ಬುಡದಿಂದ ತುದಿಯವರೆಗೆ, ಕೂದಲೆಳೆಯಷ್ಟು ಸಣ್ಣ ಹೆಜ್ಜೆಯ ಸಾಲು ಕಂಡಿತು. ಬೆಟ್ಟಕ್ಕೆ ನಾಚಿಕೆಯಾಯಿತು.

"ನಿನ್ನ ಊಟ ಇನ್ನೊಬ್ಬರ ಮನೆಯಲ್ಲಿದೆ ಅಂದುಕೋ," ಎಂದಿತು. "ಯಾರು 'ಉಂಡು ಹೋಗು' ಅನ್ನುತ್ತಾರೋ ಅಲ್ಲಿ ಉಣ್ಣು. ಕರೆಯದ ಕಡೆ ಕೂರಬೇಡ. ಉಣ್ಣುವಾಗ ನೋಯಿಸಬೇಡ. ಹೊಟ್ಟೆ ತುಂಬಿದ ಮೇಲೆ ಒಂದು ಗಳಿಗೆಯೂ ನಿಲ್ಲಬೇಡ. ಹೊಟ್ಟೆ ತುಂಬುವ ತನಕ ಏಳಲೂ ಬೇಡ."

"ಸರಿ," ಎಂದಿತು ಆ ಜೀವಿ. ಅದಕ್ಕೆ ಬರುತ್ತಿದ್ದದ್ದು ಕೆಲವೇ ಮಾತು.

ಅದು ಕಡವೆಯ ಹತ್ತಿರ ಹೋಯಿತು. "ಉಣ್ಣಲು ಏನಾದರೂ ಇದೆಯೇ?"

"ಇಲ್ಲ," ಎಂದಿತು ಕಡವೆ.

ಜೇನಿನ ಹತ್ತಿರ ಹೋಯಿತು. "ಉಣ್ಣಲು ಏನಾದರೂ ಇದೆಯೇ?"

"ಇಲ್ಲ," ಎಂದಿತು ಜೇನು.

ಮರದ ಬುಡದಲ್ಲಿ ತಾಯಿ ಮುಸುವ ಕೂತಿದ್ದಳು. ಎದೆಗೆ ಮರಿ ಅವಚಿಕೊಂಡಿತ್ತು. "ಉಣ್ಣಲು ಏನಾದರೂ ಇದೆಯೇ?"

"ಇಲ್ಲ," ಎಂದಳು ಮುಸುವ. "ಇರುವುದು ಮಗುವಿಗೆ."

ಆ ಜೀವಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಇಲ್ಲ ಎಂದರೆ ಇಲ್ಲ, ಅಷ್ಟೇ. ಆಗಿನ್ನೂ ಅದು ಕೆಟ್ಟ ಮಾತಾಗಿರಲಿಲ್ಲ.

ಮನುಷ್ಯರಿಗೆ ಮಾತ್ರ ಆಗಿತ್ತು.

ಕಾಡಿನ ಅಂಚಿನಲ್ಲಿ ಒಂದು ಗುಡಿಸಲು. ಅಲ್ಲಿ ಕೇತವ್ವ, ಅವಳ ಗಂಡ ಜಡೆಯ, ಅವರ ಆರು ವರ್ಷದ ಮಗಳು ಮಾಳಿ ಇದ್ದರು. ಪಕ್ಕದ ಗುಡಿಸಲಿನಲ್ಲಿ ಬೊಮ್ಮಜ್ಜ ಎಂಬ ಮುದುಕ ಒಬ್ಬನೇ ಇದ್ದ. ಅವನು ದಿನವೂ ಕೇತವ್ವ ಒಲೆ ಆರಿಸುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಬಾ ಅಜ್ಜ, ಉಂಡು ಹೋಗು," ಎನ್ನುತ್ತಿದ್ದಳು ಕೇತವ್ವ.

"ಅಯ್ಯೋ, ಈಗ ತಾನೆ ಉಂಡು ಬಂದೆ ಕಣವ್ವ. ಕುತ್ತಿಗೆವರೆಗೂ ಆಗಿದೆ."

ಅಷ್ಟರಲ್ಲಿ ಅವನ ಹೊಟ್ಟೆ ಗುರ್ ಎನ್ನುತ್ತಿತ್ತು.

"ಅದೇನಜ್ಜ ಸದ್ದು?" ಮಾಳಿ ಕೇಳುತ್ತಿದ್ದಳು.

"ಹಳ್ಳದಲ್ಲಿ ಕಪ್ಪೆ ಕಣೆ."

"ಕಪ್ಪೆ ನಿನ್ನ ಹೊಟ್ಟೆ ಒಳಗೇ ಇದ್ದ ಹಾಗಿದೆ."

"ಹಾಗಾದರೆ ಅದನ್ನೇ ಉಂಡಿರಬೇಕು. ಅದಕ್ಕೇ ಈಗ ಬೇಡ ಅಂತಿರೋದು."

ಎಲ್ಲರೂ ನಗುತ್ತಿದ್ದರು. "ಹೋಗಿ ಬಾ ಅಜ್ಜ," ಎನ್ನುತ್ತಿದ್ದಳು ಕೇತವ್ವ. ಬೊಮ್ಮಜ್ಜ ಹೋಗುತ್ತಿದ್ದ.

ಅದು ಮೋಸವಲ್ಲ. ಕೇತವ್ವನ ಮಡಕೆ ಚಿಕ್ಕದು, ಅದು ಇಬ್ಬರಿಗೂ ಗೊತ್ತಿತ್ತು. ಮುದುಕನಿಗೆ ಕಡೆಗಣಿಸಿದಂತಾಗಬಾರದೆಂದು ಅವಳು ಕರೆಯುತ್ತಿದ್ದಳು. ಮಡಕೆ ಬರಿದಾಗಬಾರದೆಂದು ಅವನು ಒಲ್ಲೆ ಎನ್ನುತ್ತಿದ್ದ. ಇದಕ್ಕೆ ಅವರು ಉಪಚಾರದ ಮಾತು ಎಂದು ಹೆಸರಿಟ್ಟುಕೊಂಡಿದ್ದರು. ಮನುಷ್ಯರು ಮನುಷ್ಯರೊಂದಿಗೆ ಆಡಿಕೊಳ್ಳುವಾಗ ಅದರಿಂದ ಯಾರಿಗೂ ಕೇಡಾಗಿರಲಿಲ್ಲ.

ಒಂದು ಮಧ್ಯಾಹ್ನ ಕೇತವ್ವನ ಹೊಸ್ತಿಲ ಮೇಲೆ ಎಳ್ಳಿನ ಕಾಳಿನಂಥದ್ದೊಂದು ಬಂದು ನಿಂತಿತು.

"ಅವ್ವ, ಉಣ್ಣಲು ಏನಾದರೂ ಇದೆಯೇ?"

ಮಡಕೆಯಲ್ಲಿ ಒಂದು ಸೌಟು ಸಾಮೆ ಗಂಜಿ ಇತ್ತು. ಅದು ಮಾಳಿಗೆ. ಆದರೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದು ಕೇತವ್ವನ ನಾಲಿಗೆಗೆ ಅಭ್ಯಾಸವಿರಲಿಲ್ಲ.

"ಬಾರಪ್ಪ, ಉಂಡು ಹೋಗು," ಎಂದಳು. ಎಂದು, ಅದು 'ಈಗ ತಾನೆ ಉಂಡೆ' ಎನ್ನಲಿ ಎಂದು ಕಾದಳು.

"ಸರಿ," ಎಂದಿತು ಅದು. ಹೊಸ್ತಿಲು ದಾಟಿ ಒಳಗೆ ಬಂತು.

ಮಾಳಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅವ್ವ, ಇದು ಸರಿ ಅಂತು."

ಕೇತವ್ವ ಎಲೆಯ ಮೇಲೆ ಒಂದು ಹನಿ ಗಂಜಿ ಬಿಟ್ಟಳು. ಅದು ಕಾಲಿನಿಂದ ಮುಟ್ಟಿ ನೋಡಿತು. "ಇದು ನನ್ನ ಬಾಯಿಗೆ ಹೋಗದು ಅವ್ವ."

"ಗೆಣಸು?"

"ಹೋಗದು."

"ಜೇನುತುಪ್ಪ?"

"ಹೋಗದು."

ಬೆಳಗಿನಿಂದ ಸೌದೆ ಹೊತ್ತು ಕೇತವ್ವನ ಸೊಂಟ ನೋಯುತ್ತಿತ್ತು. ಗಂಡ ಇನ್ನೂ ಬಂದಿರಲಿಲ್ಲ. "ಇನ್ನೇನು ಉಳಿದಿದೆ? ನನ್ನ ರಕ್ತ ಕುಡಿ," ಎಂದಳು.

ಈ ಮಾತನ್ನು ಅವಳು ಎಷ್ಟು ಸಲ ಆಡಿದ್ದಳೋ. ಜಡೆಯನಿಗೆ ಹೇಳಿದ್ದಳು. ಹಟ ಮಾಡುವ ಮಾಳಿಗೆ ಹೇಳಿದ್ದಳು. ಹಟ್ಟಿಯ ಆಡಿಗೂ ಹೇಳಿದ್ದಳು. ಯಾರೂ ಕುಡಿದಿರಲಿಲ್ಲ.

"ಸರಿ," ಎಂದಿತು ಅದು.

ಅದು ಅವಳ ಹಿಮ್ಮಡಿ ಹತ್ತಿ, ಮೇಲಿನ ಮೆತ್ತನೆಯ ಜಾಗ ಹುಡುಕಿ ಕೂತಿತು. ನೋಯಿಸಬೇಡ ಎಂದು ಬೆಟ್ಟ ಹೇಳಿದ್ದು ನೆನಪಿತ್ತು. ಮೊದಲು ಆ ಜಾಗಕ್ಕೆ ಜೋಮು ಹಿಡಿಸಿತು. ಆಮೇಲೆ ಬಾಯಿ ಇಟ್ಟಿತು. ಕೇತವ್ವನಿಗೆ ತಿಳಿಯಲೇ ಇಲ್ಲ. ಅದು ಹೊರಟುಹೋಯಿತೆಂದೇ ಅವಳು ಅಂದುಕೊಂಡಳು.

ಅದು ಮೂರು ದಿನ ಉಂಡಿತು. ನಿಧಾನದ ಜೀವಿ. ನಾಲ್ಕನೆಯ ದಿನ ಹೊಟ್ಟೆ ತುಂಬಿತು, ಕೂಡಲೇ ಎದ್ದಿತು. ಉಂಡ ಪುಷ್ಟಿಗೆ ಅದಕ್ಕೆ ಇನ್ನೆರಡು ಕಾಲು ಮೂಡಿದ್ದವು. ಹೊಸ್ತಿಲಲ್ಲಿ ನಿಂತು ಹೇಳಿತು: "ಹೊಟ್ಟೆ ತುಂಬಿತು ಅವ್ವ. ಹೋಗಿ ಬರುತ್ತೇನೆ."

ಕೇತವ್ವ ಸಾಮೆ ಕುಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಹೂಂ, ಹೋಗಿ ಬಾ. ಮಕ್ಕಳು ಮರಿ ಆದರೆ ಅವನ್ನೂ ಕರಕೊಂಡು ಬಾ," ಎಂದಳು.

ಅದಕ್ಕೆ ಮಕ್ಕಳಾದವು. ಒಂದಲ್ಲ, ಹತ್ತಲ್ಲ. ಒಣಗಿದ ತರಗೆಲೆಯ ಕೆಳಗೆ ಎರಡು ಸಾವಿರ ಮಕ್ಕಳು.

"ನಮ್ಮನ್ನು ಊಟಕ್ಕೆ ಕರೆದಿದ್ದಾರೆ," ಎಂದು ತಾಯಿ ಮಕ್ಕಳಿಗೆ ಹೇಳಿತು. "ಕೇತವ್ವ ಅಂತ. ಈ ದಾರಿಯಲ್ಲೇ ಓಡಾಡುತ್ತಾಳೆ. ನಮಗೆ ಕಣ್ಣಿಲ್ಲ, ಆದರೆ ಅವಳ ಉಸಿರು ಬೆಚ್ಚಗಿರುತ್ತದೆ. ದಾರಿ ಬದಿಯ ಹುಲ್ಲು ಹತ್ತಿ, ತುದಿಯಲ್ಲಿ ನಿಂತು, ಮುಂದಿನ ಎರಡು ಕೈ ಚಾಚಿರಿ. ನಾವು ಬಂದಿದ್ದೇವೆಂದು ಅವಳಿಗೆ ಗೊತ್ತಾಗಲಿ."

"ನನ್ನ ಮೇಲೆ ಯಾಕೆ ಹತ್ತುತ್ತೀರಿ?" ಎಂದು ಹುಲ್ಲು ಕೇಳಿತು.

"ನಮ್ಮನ್ನು ಊಟಕ್ಕೆ ಕರೆದಿದ್ದಾರೆ."

"ಹಾಗಾದರೆ ಹತ್ತಿ."

ಮಕ್ಕಳು ಕೈ ಚಾಚಿ ನಿಂತವು. ಗಾಳಿ ಯಾರದೋ ಬೆಚ್ಚನೆಯ ಉಸಿರನ್ನು ಹೊತ್ತು ತಂದಿತು. ಬಂದದ್ದು ಕಡವೆ. ಮಕ್ಕಳು ಕೇತವ್ವ ಎಂದುಕೊಂಡು ಹತ್ತಿದವು. ಇನ್ನೊಂದು ದಿನ ಬಿದ್ದ ಹಣ್ಣು ಹೆಕ್ಕಲು ಮುಸುವ ನೆಲಕ್ಕಿಳಿದಳು. ಮಕ್ಕಳು ಕೇತವ್ವ ಎಂದುಕೊಂಡು ಅವಳನ್ನೂ ಹತ್ತಿದವು, ಅವಳ ಮರಿಯನ್ನೂ ಹತ್ತಿದವು. ಕಣ್ಣಿಲ್ಲದ ಅವಕ್ಕೆ ಬೆಚ್ಚಗೆ ಉಸಿರಾಡುವವರೆಲ್ಲ ಕೇತವ್ವನೇ.

ಆ ಕಾಡಿನಲ್ಲಿ ಒಂದು ಜ್ವರವೂ ಇತ್ತು. ಅದಕ್ಕೆ ಕಾಲಿರಲಿಲ್ಲ. ಯಾವುದೋ ಮುಸುವನ ರಕ್ತದೊಳಗೆ ಬಿದ್ದುಕೊಂಡಿತ್ತು. ಉಂಡು ಎದ್ದು ಹೋಗುವವರ ಹೊಟ್ಟೆಯಲ್ಲಿ ಕೂತು ಅದೂ ಹೊರಟಿತು. ಹೊತ್ತವಕ್ಕೆ ತಾವು ಏನು ಹೊತ್ತಿದ್ದೇವೆಂದು ಗೊತ್ತಿರಲಿಲ್ಲ.

ಬೇಸಿಗೆ ಬಂತು. ಮಾಳಿ ಕಾರೆಹಣ್ಣಿಗೆಂದು ಬರಿಗಾಲಲ್ಲಿ, ಸೊಂಟದೆತ್ತರದ ಹುಲ್ಲಿನೊಳಗೆ ನುಗ್ಗಿ ಹೋದಳು. ಮಡಿಲ ತುಂಬ ಹಣ್ಣು ತಂದಳು. ಎರಡು ದಿನ ಬಿಟ್ಟು ಜಡೆಯ ಮಗಳ ಮಂಡಿಯ ಹಿಂದೆ ಏನೋ ಕಂಡ.

"ಇದೇನೆ ಇದು? ಎಳ್ಳು ಅಂಟಿಸಿಕೊಂಡಿದ್ದೀಯ."

ಒರೆಸಿದ. ಹೋಗಲಿಲ್ಲ. ಉಗುರಿನಿಂದ ಕೆದಕಿದ. ಬರಲಿಲ್ಲ.

ಬೊಮ್ಮಜ್ಜ ಬಗ್ಗಿ ನೋಡಿದ. "ಜೀವ ಇದೆ ಕಣೋ. ಉಣ್ತಾ ಇದೆ. ಉಣ್ಣೋರನ್ನ ಹಂಗೆಲ್ಲ ಎಬ್ಬಿಸಬಾರದು."

"ನನ್ನ ಮಗಳ ಕಾಲೇನು ಊಟದ ಎಲೆಯಾ?" ಎಂದ ಜಡೆಯ. ಒಲೆಯಿಂದ ಕೆಂಡ ತಂದ. ಮಾಳಿ ಅಪ್ಪನ ಹೆಗಲು ಕಚ್ಚಿ ಹಿಡಿದಳು. ಅವನು ಆ ಜೀವಿಗೆ ಕೆಂಡ ತಾಗಿಸಿದ.

ಅರ್ಧ ಊಟದಲ್ಲಿ ಮೈ ಸುಟ್ಟರೆ ಯಾರು ತಾನೆ ತಡೆದುಕೊಂಡಾರು. ಅದು ಉಂಡದ್ದನ್ನೆಲ್ಲ ಅಲ್ಲೇ ಕಕ್ಕಿತು. ಈ ಮನೆಯಲ್ಲಿ ಉಂಡದ್ದನ್ನೂ, ಹಿಂದಿನ ಮನೆಯಲ್ಲಿ ಉಂಡದ್ದನ್ನೂ. ಜಡೆಯ ಜಗ್ಗಿದ. ಮೈ ಬಂತು, ಬಾಯಿ ಚರ್ಮದಲ್ಲೇ ಉಳಿಯಿತು. ಅವನು ಅದನ್ನು ಉಗುರುಗಳ ನಡುವೆ ಒತ್ತಿ, ಕೈಯನ್ನು ಪಂಚೆಗೆ ಒರೆಸಿಕೊಂಡ.

"ಆಯ್ತು ಬಿಡು," ಎಂದ.

ಅದಾದ ಐದನೆಯ ದಿನ ಮಾಳಿ ತಲೆ ಹಿಡಿದುಕೊಂಡು ಕೂತಳು. ಕಣ್ಣು ಕೆಂಪಗಾಯಿತು. ಮೈ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿ.

"ಬಿಸಿಲು ತಾಗಿರಬೇಕು," ಎಂದ ಜಡೆಯ.

"ಎರಡು ದಿನದಿಂದ ಮುಸುವಗಳ ಸದ್ದೇ ಇಲ್ಲ," ಎಂದಿತು ಗಾಳಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಏಳನೆಯ ದಿನ ಮಾಳಿ ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಕೇತವ್ವ ಮಗಳನ್ನು ಗಂಡನ ತೊಡೆಯ ಮೇಲೆ ಮಲಗಿಸಿದಳು. "ಮಾಳಿಯಪ್ಪ, ಇವಳ ಬಾಯಿಗೆ ನೀರು ಬಿಡುತ್ತಿರು. ಅವತ್ತು ಇಂಥದ್ದೇ ಒಂದು ನಮ್ಮ ಹೊಸ್ತಿಲಿಗೆ ಬಂದಿತ್ತು. ಅದನ್ನು ಹುಡುಕಿಕೊಂಡು ಬರುತ್ತೇನೆ," ಎಂದು ಕಾಡಿಗೆ ಹೋದಳು.

ಗಾಳಿಯನ್ನು ಕೇಳಿದಳು. ಗಾಳಿ ಹುಲ್ಲನ್ನು ತೋರಿಸಿತು. ಹುಲ್ಲು ತರಗನ್ನು ತೋರಿಸಿತು. ತರಗಿನ ಕೆಳಗೆ ಆ ತಾಯಿ ಜೀವಿ ಇತ್ತು. ಮೊಟ್ಟೆಯಿಟ್ಟು ಒಣಗಿ, ಸುಕ್ಕುಗಟ್ಟಿತ್ತು. ಉಸಿರಿನಿಂದಲೇ ಅವಳ ಗುರುತು ಹಿಡಿಯಿತು.

"ಬಂದೆಯಾ ಅವ್ವ. ಉಂಡೆಯಾ?"

ಕೇತವ್ವ ಎರಡು ದಿನದಿಂದ ಉಂಡಿರಲಿಲ್ಲ. ಆದರೂ ಅವಳ ನಾಲಿಗೆ ತನ್ನಷ್ಟಕ್ಕೆ ಹೊರಟಿತು. "ಈಗ ತಾನೆ..."

ಅಲ್ಲಿಗೇ ನಿಂತಳು.

"ಇಲ್ಲ," ಎಂದಳು. "ಉಂಡಿಲ್ಲ. ನಿನ್ನ ಕೂಸೊಂದು ನನ್ನ ಮಗಳ ಕಾಲಿಗೆ ಕೂತಿತ್ತು, ಅವಳಪ್ಪ ಅದನ್ನು ಸುಟ್ಟು ಕಿತ್ತ. ಈಗ ಅವಳಿಗೆ ಜ್ವರ, ಕಣ್ಣು ಬಿಡುತ್ತಿಲ್ಲ. ನಿನ್ನ ಮಕ್ಕಳನ್ನು ಹಿಂದಕ್ಕೆ ಕರೆದುಕೋ."

"ನೀನು ಕರೆದೆಯಲ್ಲ."

"ಕರೆದೆ. ಅದು ಉಪಚಾರದ ಮಾತು."

"ಹಾಗೆಂದರೇನು?"

"ಬಾ ಅನ್ನೋದು. ಬರದಿರಲಿ ಅಂದುಕೊಳ್ಳೋದು," ಎಂದಳು.

"ಇಲ್ಲ ಅನ್ನಬಹುದಿತ್ತಲ್ಲ ಅವ್ವ," ಎಂದಿತು. "ಕಡವೆ ಇಲ್ಲ ಅಂದಿತು. ಜೇನು ಇಲ್ಲ ಅಂದಿತು. ಮುಸುವ ಇಲ್ಲ ಅಂದಳು. ನಾನು ಯಾರನ್ನೂ ಮುಟ್ಟಲಿಲ್ಲ."

ಕೇತವ್ವ ಮೊಣಕಾಲೂರಿ ಕೂತಳು. "ಆ ಜ್ವರವನ್ನಾದರೂ ವಾಪಸು ತೆಗೆದುಕೋ."

"ಅದು ನಮ್ಮದಲ್ಲ. ನನ್ನ ಕೂಸು ಹಿಂದಿನ ಮನೆಯಲ್ಲಿ ಉಂಡದ್ದು. ಸುಡದಿದ್ದರೂ ಬರಬಹುದಿತ್ತೇನೋ. ಸುಟ್ಟಾಗ ಕಕ್ಕಿಬಿಟ್ಟಿತು. ಒಮ್ಮೆ ಬಿಟ್ಟಮೇಲೆ ಅದನ್ನು ಹಿಂದಕ್ಕೆ ಹೀರಿಕೊಳ್ಳಲು ನಮಗೆ ಬರುವುದಿಲ್ಲ."

ಕೇತವ್ವ ಬೆಟ್ಟದ ಕಡೆ ತಿರುಗಿದಳು. "ನನ್ನ ಮಾತನ್ನು ಅಳಿಸಿಬಿಡು."

"ನೋಡು," ಎಂದಿತು ಬೆಟ್ಟ. "ನನ್ನ ಮೈಮೇಲೆ ಇದರ ಹೆಜ್ಜೆ ಇನ್ನೂ ಇದೆ. ಅದನ್ನೇ ನನಗೆ ಅಳಿಸಲಾಗಲಿಲ್ಲ. ನಿನ್ನ ಮಾತನ್ನು ಹೇಗೆ ಅಳಿಸಲಿ? ಬಾಯಿಯ ಉಪಚಾರ ನೀನು ಮಾಡಿಯಾಯಿತು ಕೇತವ್ವ. ಇನ್ನು ಕೈಯ ಉಪಚಾರ ಮಾಡಬೇಕು."

"ಅದು ಹೇಗೆಂದು ನನಗೆ ಗೊತ್ತಿಲ್ಲ."

"ನನಗೆ ಗೊತ್ತು," ಎಂದಿತು ತರಗಿನ ಕೆಳಗಿನ ಜೀವಿ. "ನಿನ್ನ ಮನೆಯಲ್ಲಿ ಉಂಡಿದ್ದೇನೆ. ಹೇಳುತ್ತೇನೆ, ಕೇಳು. ನಮಗೆ ಹಾರಲು ಬರದು, ಜಿಗಿಯಲು ಬರದು. ನೀನು ಹುಲ್ಲಿಗೆ ತಾಗಿದರೆ ಮಾತ್ರ ಹತ್ತುತ್ತೇವೆ. ದಾರಿಯ ನಡುವೆ ನಡೆ. ಪಾದದವರೆಗೆ ಬಟ್ಟೆ ಸುತ್ತಿಕೋ. ಅದು ನಮಗೆ ಮುಚ್ಚಿದ ಬಾಗಿಲು."

"ಆದರೂ ಹತ್ತಿದರೆ?"

"ಹತ್ತಿದ ಕೂಡಲೇ ಕೂರುವುದಿಲ್ಲ. ಜಾಗ ಹುಡುಕುತ್ತೇವೆ. ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ. ಎಲ್ಲಿ ಮೆತ್ತಗೆ, ಎಲ್ಲಿ ಯಾರ ಕಣ್ಣೂ ಬೀಳುವುದಿಲ್ಲ, ಅಲ್ಲಿ. ಕಾಡು ದಾಟಿದೊಡನೆ ನಿಂತು ನೋಡಿಕೋ. ಬಟ್ಟೆ ಕೊಡವು. ಮನೆಗೆ ಹೋದವಳೇ ಮೈ ತೊಳೆ. ಎಲೆ ಮುಂದೆ ಕೂರುವ ಮುಂಚೆಯೇ ಎಬ್ಬಿಸಿದರೆ ನಮಗೆ ಅವಮಾನವಿಲ್ಲ."

"ಕೂತೇಬಿಟ್ಟಿದ್ದರೆ?"

"ಆಗಲೂ ಎಬ್ಬಿಸು. ಎಷ್ಟು ಬೇಗ ಎಬ್ಬಿಸಿದರೆ ಅಷ್ಟು ಒಳ್ಳೆಯದು. ಆದರೆ ಸುಡಬೇಡ, ಎಣ್ಣೆ ಸುರಿಯಬೇಡ, ಹೊಟ್ಟೆ ಹಿಸುಕಬೇಡ. ಗಾಬರಿಯಾದರೆ ಕಕ್ಕುತ್ತೇವೆ. ನೀವು ಮುಳ್ಳು ಕೀಳುವ ಚಿಮಟ ಇದೆಯಲ್ಲ, ಅದರಲ್ಲಿ ಹಿಡಿ. ಚರ್ಮಕ್ಕೆ ಅಂಟಿದ ಹಾಗೆ, ತಲೆಯ ಹತ್ತಿರ. ತಿರುಚದೆ, ಜಗ್ಗದೆ, ನೇರವಾಗಿ ಮೇಲಕ್ಕೆ, ನಿಧಾನವಾಗಿ. ಬೆರಳಲ್ಲಿ ಒರೆಸಿ ಕೊಲ್ಲಬೇಡ. ಊಟ ಆದ ಮೇಲೆ ಎಂಜಲು ಸಾರಿಸುತ್ತೀರಲ್ಲ, ಹಾಗೆ ಆ ಜಾಗವನ್ನು ತೊಳೆ. ನಿನ್ನ ಕೈಯನ್ನೂ ತೊಳೆ."

"ನೊರೆ ಬರುವ ಅಂಟುವಾಳದ ಕಾಯಿ ನನ್ನ ದಡದಲ್ಲೇ ಸಿಗುತ್ತದೆ," ಎಂದಿತು ಹಳ್ಳ. "ನೀರೂ ಒಯ್ಯಿ. ಮಗುವಿಗೆ ಗುಟುಕು ಗುಟುಕಾಗಿ ಕುಡಿಸು."

ಕೇತವ್ವ ಎದ್ದಳು. ಕೊನೆಗೊಂದು ಕೇಳಿದಳು. "ನನ್ನ ಮಗಳು ಉಳಿಯುತ್ತಾಳೆಯೇ?"

ಮನುಷ್ಯರಾಗಿದ್ದರೆ 'ಏನೂ ಆಗಲ್ಲ ಬಿಡವ್ವ' ಎನ್ನುತ್ತಿದ್ದರು. ಆ ಜೀವಿಗೆ ಉಪಚಾರದ ಮಾತು ಬರುತ್ತಿರಲಿಲ್ಲ.

"ಗೊತ್ತಿಲ್ಲ ಅವ್ವ," ಎಂದಿತು.

ಹೊರಡುವಾಗ ಕೇತವ್ವ ಹೋಗಿ ಬರುತ್ತೇನೆ ಎನ್ನಲಿಲ್ಲ. "ಹೋಗುತ್ತೇನೆ," ಎಂದಳು. ಹಾಗೆ ಹೇಳುವುದು ಅವಳ ಜನರಲ್ಲಿ ಒಳ್ಳೆಯದಲ್ಲ. ಆದರೂ ಹಾಗೆಯೇ ಹೇಳಿದಳು.

ದಾರಿಯಲ್ಲಿ ಮುಸುವ ಸಿಕ್ಕಳು. ಮರದ ಮೇಲಿರಲಿಲ್ಲ. ಬುಡದಲ್ಲಿ ಕೂತಿದ್ದಳು. ಅವಳ ಮುಂದೆ ನೆಲದ ಮೇಲೆ ಮರಿ ಮಲಗಿತ್ತು. ಗಾಳಿಗೆ ಅದರ ರೋಮ ಅಲುಗುತ್ತಿತ್ತು, ಬೇರೆ ಏನೂ ಅಲುಗುತ್ತಿರಲಿಲ್ಲ.

ಕೇತವ್ವ ಹತ್ತಿರ ಹೋಗಿ ಕೈ ಚಾಚಿದಳು.

"ಮುಟ್ಟಬೇಡ," ಎಂದಳು ಮುಸುವ. "ಹತ್ತಿರವೂ ಬರಬೇಡ. ಮೈ ತಣ್ಣಗಾಯಿತೆಂದು ಅವು ಇವನಿಂದ ಇಳಿದು ಸುತ್ತ ಕೂತಿವೆ. ನಿನ್ನ ಮಗಳು?"

"ಕಣ್ಣು ಬಿಟ್ಟಿಲ್ಲ. ಉಸಿರಿದೆ."

ಮುಸುವ ತಲೆಯಾಡಿಸಿದಳು. ಮರಿಯ ಕಡೆ ನೋಡುತ್ತ ಹೇಳಿದಳು: "ಅವು ನಿನ್ನ ಹೆಸರು ಹೇಳಿಕೊಂಡು ಹತ್ತಿದವು. ನಾನು ಇಲ್ಲ ಅಂದಿದ್ದೆ."

"ನೀನು ಇಲ್ಲ ಅಂದಿದ್ದೆ," ಎಂದಳು ಕೇತವ್ವ.

"ಹೋಗು, ಮಗು ಕಾಯುತ್ತಿದೆ. ಒಂದು ಮಾತು. ನಮ್ಮವರು ಮರದಿಂದ ಬಿದ್ದದ್ದು ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಊರಿಗೆ ಹೋಗಿ ಹೇಳಿ. ಆ ದಾರಿ ಕೆಲವು ದಿನ ಬಿಡಿ. ಇವನು ಬಿದ್ದದ್ದು ಯಾರಿಗಾದರೂ ಪ್ರಯೋಜನಕ್ಕೆ ಬರಲಿ."

ಕಾಡಿನ ಅಂಚಿಗೆ ಬಂದಾಗ ಕೇತವ್ವನಿಗೆ ಓಡಬೇಕೆನಿಸಿತು. ಆದರೆ ನಿಂತಳು. ಸೀರೆ ಕೊಡವಿದಳು. ಮಂಡಿಯ ಹಿಂದೆ, ಸೊಂಟ, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿದಳು. ಮೂರು ಸಿಕ್ಕವು. ಇನ್ನೂ ಕೂತಿರಲಿಲ್ಲ. ಒಣ ಎಲೆಯಲ್ಲಿ ತೆಗೆದು ಹಾಕಿದಳು. ಆಮೇಲೆ ಮನೆಗೆ ಓಡಿದಳು.

ಜಡೆಯ ಅವಳನ್ನು ಕಂಡು ಎದ್ದು ನಿಂತ. ಅವಳು ಎಲ್ಲ ಹೇಳಿದಳು. ಅವನು ತನ್ನ ಉಗುರು ನೋಡಿಕೊಂಡ.

"ನಾನು ಸುಟ್ಟೆ," ಎಂದ.

"ನಾನು ಕರೆದೆ," ಎಂದಳು ಕೇತವ್ವ. "ಈಗ ನೀರು ಕಾಸು."

ಮಾಳಿಯ ಮಂಡಿಯ ಹಿಂದೆ ಉಳಿದ ಚೂರನ್ನು ಬಿದಿರ ಚಿಮಟದಲ್ಲಿ ತೆಗೆದರು. ಅಂಟುವಾಳದ ನೊರೆಯಲ್ಲಿ ತೊಳೆದರು. ಹಣೆಗೆ ಒದ್ದೆ ಬಟ್ಟೆ ಇಟ್ಟರು. ಗುಟುಕು ಗುಟುಕಾಗಿ ನೀರು ಕುಡಿಸಿದರು. ಬೇರೆ ಮಾಡಲು ಏನೂ ಇರಲಿಲ್ಲ, ಕಾಯುವುದೊಂದೇ. ಗೋಡೆಯ ಹಸಿ ಮಣ್ಣಿನ ಮೇಲೆ ಜಡೆಯ ದಿನಕ್ಕೊಂದು ಗೆರೆ ಎಳೆದ. ಐದನೆಯ ಗೆರೆಗೆ ಜ್ವರ ಇಳಿಯಿತು. ಮಾಳಿ ಒಂದೆರಡು ಗುಟುಕು ಗಂಜಿ ಕುಡಿದಳು, ಆದರೂ ಅವರು ಹಿಗ್ಗಲಿಲ್ಲ. ಹದಿನಾಲ್ಕನೆಯ ಗೆರೆಗೆ ಅದು ತಿರುಗಿ ಬಂತು, ತಲೆನೋವು ಹೊತ್ತುಕೊಂಡು. ಮತ್ತೆ ನೀರು, ಮತ್ತೆ ಒದ್ದೆ ಬಟ್ಟೆ. ಇಪ್ಪತ್ತೊಂದನೆಯ ಗೆರೆಯ ಬೆಳಿಗ್ಗೆ ಮಾಳಿ ಕಣ್ಣು ಬಿಟ್ಟು ಸೂರು ನೋಡಿದಳು.

"ಅವ್ವ, ಹಸಿವು," ಎಂದಳು.

ಕೇತವ್ವ ಗಂಜಿ ಕಾಸಿದಳು. ಆ ಹೊತ್ತಿಗೆ ಬೊಮ್ಮಜ್ಜ ಬಂದು ಬಾಗಿಲಲ್ಲಿ ನಿಂತ. ಕೇತವ್ವ ಅವನ ಮುಖ ನೋಡಿದಳು.

"ಅಜ್ಜ, ಇವತ್ತು ಇಲ್ಲ. ಇರುವುದು ಮಗುವಿಗೆ ಆಗುವಷ್ಟೇ."

ಮುದುಕ ಅಲ್ಲೇ ಹೊಸ್ತಿಲ ಮೇಲೆ ಕೂತ. "ನಿಜ ಹೇಳಲಾ ಕೇತವ್ವ? ನಾನೂ ನಿನ್ನೆಯಿಂದ ಉಂಡಿಲ್ಲ. ಇರಲಿ, ಇವಳು ಉಣ್ಣೋದನ್ನಾದರೂ ನೋಡ್ತೀನಿ."

ಅ‌ವನ ಹೊಟ್ಟೆ ಗುರ್ ಎಂದಿತು.

"ಕಪ್ಪೆ," ಎಂದಳು ಮಾಳಿ, ಮೆಲ್ಲಗೆ.

ಸಂಜೆ ಜಡೆಯ ಗೆಣಸು ತಂದ. ನಾಲ್ಕೂ ಜನ ಹಂಚಿಕೊಂಡು ಉಂಡರು. ಮುಸುವ ಹೇಳಿದ ಮಾತನ್ನು ಕೇತವ್ವ ಮರುದಿನ ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಹೇಳಿದಳು.

ಉಣ್ಣಲು ಕರೆಸಿಕೊಂಡ ಆ ಜೀವಿಗೆ ಉಣುಗು ಎಂದು ಹೆಸರಾಯಿತು. ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ಹುಟ್ಟುವಾಗ ಅದಕ್ಕೆ ಈಗಲೂ ಆರೇ ಕಾಲು. ಒಂದು ಊಟ ಆದ ಮೇಲೆಯೇ ಎಂಟಾಗುವುದು. ಈಗಲೂ ಅದು ನೋಯಿಸದೆ ಉಣ್ಣುತ್ತದೆ, ಹೊಟ್ಟೆ ತುಂಬಿದ ಕೂಡಲೇ ಏಳುತ್ತದೆ. ಕಾಡಿನಲ್ಲಿ ಮುಸುವ ಸತ್ತು ಬಿದ್ದರೆ ತಿಳಿದವರು ಮುಟ್ಟದೆ ಬಂದು ಊರಿಗೆ ಹೇಳುತ್ತಾರೆ. ಈಗ ಜ್ವರಕ್ಕೆ ಡಾಕ್ಟರಿದ್ದಾರೆ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಯದೆ ಅವರಲ್ಲಿಗೆ ಹೋಗಬೇಕು, 'ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು' ಎಂದು ಮೊದಲೇ ಹೇಳಬೇಕು.

ಲೋಕ ಒಣಗಿ ಬಹಳ ಕಾಲವಾಯಿತು. ಬೆಟ್ಟದ ಮೇಲೆ ಕೈ ಊರಿದರೆ ಈಗ ಅಚ್ಚು ಉಳಿಯುವುದಿಲ್ಲ. ಆದರೆ ಹಸಿಯಿದ್ದಾಗ ಬಿದ್ದ ಮಾತು ಹಾಗೆಯೇ ಇದೆ. ಅದಕ್ಕೇ ದಾರಿ ಬದಿಯ ಹುಲ್ಲಿನ ತುದಿಯಲ್ಲಿ ಉಣುಗು ಇವತ್ತಿಗೂ ಎರಡು ಕೈ ಚಾಚಿ ನಿಂತಿರುತ್ತದೆ, ಕರೆದವರು ಬರಲಿ ಎಂದು. ಮತ್ತೆ, ಕಾಡಿನ ದಾರಿ ಮುಗಿಯುವಲ್ಲಿ ಅಮ್ಮ ನಿನ್ನನ್ನು ನಿಲ್ಲಿಸಿ, ಬಟ್ಟೆ ಕೊಡವಿ, ಮಾತಿಲ್ಲದೆ ನಿನ್ನ ಮಂಡಿಯ ಹಿಂದೆ, ಕಿವಿಯ ಹಿಂದೆ ಬೆರಳಾಡಿಸಿ ನೋಡುತ್ತಾಳಲ್ಲ ಮಗು, ಅದು ಕೇತವ್ವ ಆ ಮಧ್ಯಾಹ್ನ ಹೇಳದೆ ಉಳಿಸಿದ 'ಇಲ್ಲ'.